ಆಸ್ಪತ್ರೆಗಳ ತುಲನೆ: ಒಂದು ವಿವೇಚನೆ

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದಾಗ ಮೊದಲು ಏಳುವ ಪ್ರಶ್ನೆ, "ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು?" ಎಂಬುದು. ಒಂದು ಜೊತೆ ಎತ್ತು ಕೊಳ್ಳಬೇಕಾದರೆ ನಾಲ್ಕು ಸಂತೆ ತಿರುಗಿ, ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಬೆಲೆ ಕಟ್ಟುವ ನಮ್ಮ ಜನ, ಈ ಪ್ರಶ್ನೆಗೆ ಮಾತ್ರ ನೆರೆಯವರು ಹೇಳಿದ ಒಂದು ಮಾತಿನ ಮೇಲೆ ಅರ್ಧ ಗಂಟೆಯೊಳಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. "ದೊಡ್ಡಾಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲ" ಎಂದು ಒಬ್ಬರು ಹೇಳುತ್ತಾರೆ. "ಖಾಸಗಿ ಆಸ್ಪತ್ರೆಗೆ ಹೋದರೆ ಹೊಲ ಹಿಂದಿರುಗುವುದಿಲ್ಲ" ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದು. ಆದರೆ ಒಂದು ಆಸ್ಪತ್ರೆ ಇನ್ನೊಂದಕ್ಕಿಂತ ಮೇಲು ಎಂದು ಹೇಳುವುದಕ್ಕೆ ನಮ್ಮಲ್ಲಿರುವ ಅಳತೆಗೋಲು ಯಾವುದು, ಆ ಕೋಲು ನೆಟ್ಟಗಿದೆಯೆ ಎಂಬುದನ್ನು ನಾವು ವಿಚಾರಿಸುವುದು ಅಪರೂಪ.

ಅರ್ಥಶಾಸ್ತ್ರದ ತರಗತಿಯಲ್ಲಿ ಸರಾಸರಿ, ಶೇಕಡಾವಾರು, ಸೂಚ್ಯಂಕ ಎಂಬ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಆ ಪಾಠಗಳನ್ನು ಜೀವ ಮರಣದ ಈ ವಿಷಯಕ್ಕೆ ಹಚ್ಚಿ ನೋಡಿದರೆ ಏನು ತಿಳಿಯುತ್ತದೆ ಎಂಬುದೇ ಪ್ರಕೃತ ಲೇಖನದ ಉದ್ದೇಶ. ಆಸ್ಪತ್ರೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಮೂರು ಅಳತೆಗಳನ್ನು ಬಳಸುತ್ತಾರೆ: ಸಿಬ್ಬಂದಿ ಎಷ್ಟಿದೆ, ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ, ರೋಗಿಗಳಿಗೆ ಎಷ್ಟು ತೃಪ್ತಿಯಾಗಿದೆ. ಈ ಮೂರನ್ನೂ ಒಂದೊಂದಾಗಿ ತೆಗೆದುಕೊಳ್ಳುವ ಮೊದಲು, ಸುಮಾರು ನೂರ ಅರವತ್ತು ವರ್ಷಗಳ ಹಿಂದಿನ ಒಂದು ಲೆಕ್ಕವನ್ನು ನೋಡುವುದು ಒಳ್ಳೆಯದು.

೧. ಒಂದು ಹಳೆಯ ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಕೈಯಲ್ಲಿ ದೀಪ ಹಿಡಿದ ದಾದಿಯ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಆಕೆ ಅಂಕಿ ಅಂಶಗಳ ಶಾಸ್ತ್ರದಲ್ಲಿಯೂ ಪಂಡಿತೆ. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ೧೮೫೮ರಲ್ಲಿ ಸದಸ್ಯಳಾಗಿ ಆಯ್ಕೆಯಾದ ಮೊದಲನೆಯ ಮಹಿಳೆ. ೧೮೬೩ರಲ್ಲಿ ಬಂದ 'ನೋಟ್ಸ್ ಆನ್ ಹಾಸ್ಪಿಟಲ್ಸ್' ಎಂಬ ತನ್ನ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಆಕೆ ಇಂಗ್ಲೆಂಡಿನ ೧೦೬ ಆಸ್ಪತ್ರೆಗಳ ಮರಣದ ಪ್ರಮಾಣವನ್ನು ತೋರಿಸುವ ಕೋಷ್ಟಕವೊಂದನ್ನು ಕೊಟ್ಟಿದ್ದಾಳೆ. ಅದಕ್ಕೆ ಬೇಕಾದ ಅಂಕಿಗಳು ಬಂದುದು ಜನನ ಮರಣಗಳ ಇಲಾಖೆಯಲ್ಲಿದ್ದ ವಿಲಿಯಂ ಫಾರ್ ಎಂಬ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞನಿಂದ.

ಆ ಕೋಷ್ಟಕದ ಪ್ರಕಾರ ಲಂಡನ್ನಿನ ೨೪ ಆಸ್ಪತ್ರೆಗಳಲ್ಲಿ ಮರಣದ ಪ್ರಮಾಣ ಶೇಕಡ ೯೦.೮೪, ದೊಡ್ಡ ಪಟ್ಟಣಗಳ ೧೨ ಆಸ್ಪತ್ರೆಗಳಲ್ಲಿ ಶೇಕಡ ೮೩.೧೬; ಜಿಲ್ಲಾ ಕೇಂದ್ರಗಳ ೨೫ ಆಸ್ಪತ್ರೆಗಳಲ್ಲಿ ಶೇಕಡ ೩೯.೪೧, ನೌಕಾಪಡೆ ಮತ್ತು ಸೇನೆಯ ೧೩ ಆಸ್ಪತ್ರೆಗಳಲ್ಲಿ ಕೇವಲ ೧೫.೬೭. ಇದನ್ನು ಓದಿದವರು, ಲಂಡನ್ನಿನಲ್ಲಿ ಆಸ್ಪತ್ರೆಗೆ ಸೇರಿದ ನೂರು ಜನರಲ್ಲಿ ತೊಂಬತ್ತು ಜನ ಸಾಯುತ್ತಾರೆಂದು ಭಾವಿಸಿದರೆ ತಪ್ಪೇನು?

ಲೆಕ್ಕದ ಒಳಗೆ ಇಳಿದಾಗ ಸಂಗತಿ ಬೇರೆಯಾಗಿ ಕಾಣುತ್ತದೆ. ೧೮೬೧ರ ಏಪ್ರಿಲ್ ೮ರಂದು, ಆ ಒಂದು ದಿನ, ಲಂಡನ್ನಿನ ಆ ಆಸ್ಪತ್ರೆಗಳಲ್ಲಿ ಇದ್ದ ರೋಗಿಗಳು ೪,೨೧೪. ಆ ಇಡೀ ವರ್ಷದಲ್ಲಿ ಅಲ್ಲಿ ತೀರಿಕೊಂಡವರು ೩,೮೨೮. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ೯೦.೮೪. ಅಂಶವು ಒಂದು ವರ್ಷದ್ದು, ಛೇದವು ಒಂದು ದಿನದ್ದು! ಒಂದೊಂದು ಹಾಸಿಗೆಯಲ್ಲಿಯೂ ವರ್ಷಕ್ಕೆ ಹತ್ತು ರೋಗಿಗಳು ಮಲಗಿ ಎದ್ದು ಹೋದರೆಂದು ಇಟ್ಟುಕೊಂಡರೆ ರೋಗಿಗಳ ಸಂಖ್ಯೆ ೪೨,೧೪೦ ಆಗುತ್ತದೆ. ಆಗ ಮರಣದ ಪ್ರಮಾಣ ಶೇಕಡ ೯ಕ್ಕೆ ಇಳಿಯುತ್ತದೆ. ರೋಗಿಗಳು ತಿಂಗಳುಗಟ್ಟಲೆ ಮಲಗಿರುವ ಆಸ್ಪತ್ರೆ ಈ ಲೆಕ್ಕದಲ್ಲಿ ಒಳ್ಳೆಯದಾಗಿಯೂ, ಬೇಗ ಬೇಗ ವಾಸಿಮಾಡಿ ಕಳುಹಿಸಿ ಹೊಸಬರನ್ನು ಸೇರಿಸಿಕೊಳ್ಳುವ ಆಸ್ಪತ್ರೆ ಕೆಟ್ಟದ್ದಾಗಿಯೂ ಕಾಣುವುದು ಅನಿವಾರ್ಯ. ಆ ಕಾಲದ ವೈದ್ಯರು ಈ ಕೋಷ್ಟಕವನ್ನು ಕಟುವಾಗಿ ಖಂಡಿಸಿದರು. ಆದರೆ ನೈಟಿಂಗೇಲಳ ವಿಷಯದಲ್ಲಿ ನ್ಯಾಯ ಹೇಳಬೇಕಾದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ವಯಸ್ಸು, ಲಿಂಗ, ರೋಗಗಳನ್ನು ಬರೆದಿಡಬೇಕು, ಹಾಗೆ ಮಾಡದೆ ಹೋಲಿಕೆ ಸಾಧ್ಯವಿಲ್ಲ ಎಂದು ಅದೇ ಪುಸ್ತಕದಲ್ಲಿ ಒತ್ತಾಯಿಸಿದವಳೂ ಆಕೆಯೇ.

ಈ ಒತ್ತಾಯದ ಮರ್ಮ ತಿಳಿಯಲು ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು ಮಾತ್ರ. ಸರ್ಕಾರಿ ಆಸ್ಪತ್ರೆಗೆ ಒಂದು ಸಾವಿರ ಜನ ಬಂದರು. ಅವರಲ್ಲಿ ೭೦೦ ಜನರ ಸ್ಥಿತಿ ಗಂಭೀರ, ೩೦೦ ಜನರದು ಸಾಧಾರಣ. ಗಂಭೀರರಲ್ಲಿ ೭೦ ಜನ, ಸಾಧಾರಣರಲ್ಲಿ ೩ ಜನ ತೀರಿಕೊಂಡರು. ಖಾಸಗಿ ಆಸ್ಪತ್ರೆಗೂ ಒಂದು ಸಾವಿರ ಜನ ಬಂದರು. ಅವರಲ್ಲಿ ಗಂಭೀರರು ೧೦೦, ಸಾಧಾರಣರು ೯೦೦. ಗಂಭೀರರಲ್ಲಿ ೧೨, ಸಾಧಾರಣರಲ್ಲಿ ೧೮ ಜನ ತೀರಿಕೊಂಡರು. ಒಟ್ಟು ಲೆಕ್ಕದಲ್ಲಿ ಸರ್ಕಾರಿ ಆಸ್ಪತ್ರೆಯ ಮರಣ ಪ್ರಮಾಣ ಶೇಕಡ ೭.೩, ಖಾಸಗಿಯದು ಶೇಕಡ ೩. ಊರಿನವರು ಏನೆನ್ನುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಗಂಭೀರ ರೋಗಿಗಳನ್ನು ಮಾತ್ರ ನೋಡಿದರೆ ಸರ್ಕಾರಿಯಲ್ಲಿ ನೂರಕ್ಕೆ ೧೦, ಖಾಸಗಿಯಲ್ಲಿ ನೂರಕ್ಕೆ ೧೨. ಸಾಧಾರಣ ರೋಗಿಗಳನ್ನು ನೋಡಿದರೆ ಸರ್ಕಾರಿಯಲ್ಲಿ ನೂರಕ್ಕೆ ೧, ಖಾಸಗಿಯಲ್ಲಿ ನೂರಕ್ಕೆ ೨. ಎರಡು ಬಗೆಯ ರೋಗಿಗಳಿಗೂ ಮೇಲಾದ ಆಸ್ಪತ್ರೆಯೇ ಒಟ್ಟಿನಲ್ಲಿ ಕೀಳೆಂದು ಹೆಸರು ಪಡೆಯಿತು! ಅದರ ಅಪರಾಧವೆಂದರೆ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸದಿದ್ದುದು.

ಇದು ಕಲ್ಪನೆಯ ಲೆಕ್ಕವಾದರೂ ಇದರ ಹಿಂದಿನ ನಡವಳಿಕೆ ನಮ್ಮ ಜಿಲ್ಲೆಗಳಲ್ಲಿ ಅಪರಿಚಿತವಲ್ಲ. ಬೇರೆ ಕಡೆ ಕೈಯಲ್ಲಿದ್ದ ಹಣ ಮುಗಿದ ಮೇಲೆ ಕೊನೆಯ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ತಂದ ರೋಗಿ ಅಲ್ಲಿ ತೀರಿಕೊಂಡರೆ ಆ ಸಾವು ದೊಡ್ಡಾಸ್ಪತ್ರೆಯ ಲೆಕ್ಕಕ್ಕೆ ಸೇರುತ್ತದೆ. "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎನಿಸಿಕೊಂಡು ಹೋದವನು ದಾರಿಯಲ್ಲಿಯೋ ಮನೆಯಲ್ಲಿಯೋ ಕಣ್ಣು ಮುಚ್ಚಿದರೆ ಆ ಸಾವು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುವುದಿಲ್ಲ. ಆದುದರಿಂದಲೇ ಈಚಿನ ಸಂಶೋಧಕರು ಆಸ್ಪತ್ರೆಯೊಳಗಿನ ಸಾವುಗಳನ್ನಷ್ಟೇ ಎಣಿಸದೆ, ಸೇರಿದ ದಿನದಿಂದ ಮೂವತ್ತು ದಿನಗಳೊಳಗೆ ಎಲ್ಲಿಯೇ ಆಗಲಿ ಸಂಭವಿಸಿದ ಸಾವುಗಳನ್ನು ಎಣಿಸುತ್ತಾರೆ. ಯಾರನ್ನು ಎಣಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂಬ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಈಗ ನಮ್ಮ ಮೂರು ಅಳತೆಗಳ ಕಡೆಗೆ ತಿರುಗೋಣ.

೨. ಸಿಬ್ಬಂದಿ

ಆಸ್ಪತ್ರೆ ಎಂದರೆ ಕಟ್ಟಡವಲ್ಲ, ಅಲ್ಲಿ ದುಡಿಯುವ ಜನ. ವೈದ್ಯರು, ದಾದಿಯರು, ಔಷಧಿ ವಿತರಕರು, ರಕ್ತ ಮೂತ್ರಗಳ ಪರೀಕ್ಷೆ ಮಾಡುವವರು, ಆಯಾಗಳು, ಕಸ ಗುಡಿಸುವವರು, ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಆದರೆ ಸಿಬ್ಬಂದಿಯ ಸಂಖ್ಯೆ ಎಂದಾಗ ನಾವು ಯಾವ ಸಂಖ್ಯೆಯನ್ನು ಹೇಳುತ್ತಿದ್ದೇವೆ? ಮಂಜೂರಾದ ಹುದ್ದೆಗಳು ಒಂದು ಲೆಕ್ಕ. ಭರ್ತಿಯಾದ ಹುದ್ದೆಗಳು ಇನ್ನೊಂದು. ಭರ್ತಿಯಾಗಿಯೂ ಬೇರೆ ಕಡೆಗೆ ನಿಯೋಜನೆಯ ಮೇಲೆ ಹೋಗಿರುವವರನ್ನು ಕಳೆದರೆ ಉಳಿಯುವುದು ಮತ್ತೊಂದು. ರೋಗಿಗೆ ಬೇಕಾದುದು ಈ ಮೂರೂ ಅಲ್ಲ. ರಾತ್ರಿ ಎರಡು ಗಂಟೆಗೆ ಕೂಗಿದರೆ ಬರುವವರು ಎಷ್ಟು ಜನ ಎಂಬುದು ಅವನ ಲೆಕ್ಕ.

ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಮಾಣದಂತೆ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ೩ ರೋಗಿಗಳಿಗೆ ಒಬ್ಬ ದಾದಿ, ಸಾಮಾನ್ಯ ಆಸ್ಪತ್ರೆಗಳಲ್ಲಿ ೫ ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಜೆಯ ಸಲುವಾಗಿ ಇದರ ಮೇಲೆ ಶೇಕಡ ೩೦ರಷ್ಟು ಹೆಚ್ಚು ಜನ ಬೇಕು. ೩೦ ಹಾಸಿಗೆಯ ಒಂದು ವಾರ್ಡಿಗೆ ೧೦ ಜನ ದಾದಿಯರಿದ್ದಾರೆ, ರಜೆಯ ಸಲುವಾಗಿ ಹೆಚ್ಚಿನವರು ಯಾರೂ ಇಲ್ಲ ಎಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಇದು ೩ಕ್ಕೆ ೧. ಈಗ ಕೆಲಸದ ಸರದಿಗಳನ್ನು ಲೆಕ್ಕ ಹಾಕೋಣ. ಪ್ರತಿಯೊಬ್ಬಳೂ ವಾರಕ್ಕೆ ಆರು ದಿನ ದುಡಿದರೆ ೬೦ ಸರದಿಗಳು. ಜ್ವರ, ಬಾಣಂತನ, ಮನೆಯ ಮದುವೆ ಮುಂಜಿ ಎಂದು ಹತ್ತನೆಯ ಒಂದು ಭಾಗ ರಜೆಗೆ ಹೋದರೆ ಉಳಿಯುವುದು ೫೪. ವೈದ್ಯರು ಸುತ್ತು ಬರುವ ಬೆಳಗಿನ ಹೊತ್ತಿಗೆ ನಾಲ್ವರು ಬೇಕು, ಅದಕ್ಕೆ ವಾರಕ್ಕೆ ೨೮ ಸರದಿ. ಮಧ್ಯಾಹ್ನಕ್ಕೆ ಇಬ್ಬರು, ೧೪ ಸರದಿ. ಇನ್ನು ಏಳು ರಾತ್ರಿಗಳಿಗೆ ಉಳಿಯುವುದು ೧೨ ಸರದಿ ಮಾತ್ರ. ಎಂದರೆ ಐದು ರಾತ್ರಿ ಇಬ್ಬರು, ಎರಡು ರಾತ್ರಿ ಒಬ್ಬಳೇ. ಕಾಗದದ ಮೇಲಿನ ೩ಕ್ಕೆ ೧ ಎಂಬುದು ರಾತ್ರಿಯ ಹೊತ್ತು ೧೫ಕ್ಕೆ ೧, ವಾರದಲ್ಲಿ ಎರಡು ದಿನ ೩೦ಕ್ಕೆ ೧ ಆಗಿಬಿಡುತ್ತದೆ. ಹಾಸಿಗೆ ತುಂಬಿ ನೆಲದ ಮೇಲೂ ರೋಗಿಗಳು ಮಲಗಿದ್ದರೆ ಪ್ರಮಾಣ ಇನ್ನೂ ಕೆಡುತ್ತದೆ. ಹತ್ತು ಹುದ್ದೆಗಳಲ್ಲಿ ಮೂರು ಖಾಲಿ ಇದ್ದರೆ ಏನಾಗುವುದೆಂಬ ಲೆಕ್ಕವನ್ನು ವಾಚಕರಿಗೇ ಬಿಟ್ಟಿದ್ದೇನೆ.

ಇದು ಬರಿಯ ಅನುಕೂಲ ಅನಾನುಕೂಲಗಳ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ೧೬೮ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ೨,೩೨,೩೪೨ ರೋಗಿಗಳ ವಿವರಗಳನ್ನು ಲಿಂಡಾ ಐಕೆನ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೦೨ರಲ್ಲಿ ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆಲ್ಲ, ಮೂವತ್ತು ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡ ೭ರಂತೆ ಹೆಚ್ಚುತ್ತಿತ್ತೆಂದು ಅವರು ಕಂಡರು. ರೋಗಗಳ ಗಾಂಭೀರ್ಯವನ್ನೂ ಆಸ್ಪತ್ರೆಗಳ ಭೇದವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಬಂದ ಫಲಿತಾಂಶ ಇದು. ಯೂರೋಪಿನ ಒಂಬತ್ತು ದೇಶಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಕ್ಯಾಲಿಫೋರ್ನಿಯಾ ಪ್ರಾಂತವು ಒಬ್ಬ ದಾದಿಗೆ ಇಷ್ಟೇ ರೋಗಿಗಳು ಎಂದು ೧೯೯೯ರಲ್ಲಿ ಕಾನೂನು ಮಾಡಿ ೨೦೦೪ರಿಂದ ಜಾರಿಗೆ ತಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ. ನಾಡಿ ಕುಸಿಯುತ್ತಿರುವುದನ್ನು, ಉಸಿರು ಮೇಲಾಗುತ್ತಿರುವುದನ್ನು, ಕಟ್ಟಿನಿಂದ ರಕ್ತ ಒಸರುತ್ತಿರುವುದನ್ನು ಮೊದಲು ಕಾಣುವವಳು ದಾದಿ.

ಹಾಗೆಂದ ಮಾತ್ರಕ್ಕೆ ತಲೆಗಳನ್ನು ಎಣಿಸಿದರೆ ಸಾಲದು. ಯಾವ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದೂ ಮುಖ್ಯ. ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ನಿವೃತ್ತರಾದ ಮೇಲೆ ೧೯೭೬ರಲ್ಲಿ ೧೧ ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಹಳ್ಳಿಯ ಹುಡುಗಿಯರಿಗೆ ತರಬೇತು ಕೊಟ್ಟು, ದೃಷ್ಟಿ ಪರೀಕ್ಷೆ, ರೋಗಿಯನ್ನು ಅಣಿಗೊಳಿಸುವುದು ಮೊದಲಾದ ಕೆಲಸಗಳನ್ನು ಅವರಿಗೆ ವಹಿಸಿದರು. ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯೊಂದನ್ನೇ ಮಾಡಿದರು. ಒಂದು ಮೇಜಿನ ಕೆಲಸ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನ ರೋಗಿ ಸಿದ್ಧನಾಗಿರುವ ಏರ್ಪಾಡಾಯಿತು. ಕಣ್ಣಿನೊಳಗೆ ಇಡುವ ಮಸೂರಗಳನ್ನು ೧೯೯೨ರಿಂದ ತಮ್ಮದೇ ಕಾರ್ಖಾನೆಯಲ್ಲಿ ತಯಾರಿಸಿ ಬೆಲೆ ಇಳಿಸಿದರು. ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲಿ ಕೊಡಲಾರದವರಿಗೂ ಅದೇ ವೈದ್ಯರು ಚಿಕಿತ್ಸೆ ಮಾಡಿದರು. ಸಿಬ್ಬಂದಿಯ ವ್ಯವಸ್ಥೆಯೂ ಚಿಕಿತ್ಸೆಯ ಖರ್ಚೂ ಒಂದೇ ನಾಣ್ಯದ ಎರಡು ಮುಖಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

೩. ಖರ್ಚು

ಖರ್ಚಿನ ವಿಷಯದಲ್ಲಿ ನಮ್ಮ ದೇಶದಲ್ಲಿ ಒಳ್ಳೆಯ ಅಂಕಿ ಅಂಶಗಳಿವೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ೨೦೧೭ರ ಜುಲೈಯಿಂದ ೨೦೧೮ರ ಜೂನ್‌ವರೆಗೆ ನಡೆಸಿದ ೭೫ನೆಯ ಸುತ್ತಿನ ಪ್ರಕಾರ, ಹೆರಿಗೆಗಳನ್ನು ಬಿಟ್ಟು, ಒಂದು ಸಲ ಆಸ್ಪತ್ರೆಗೆ ಸೇರಿದುದಕ್ಕೆ ರೋಗಿಯ ಕಡೆಯವರು ಮಾಡಿದ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ ೪,೪೫೨ ರೂಪಾಯಿ. ಖಾಸಗಿ ಆಸ್ಪತ್ರೆಯಲ್ಲಿ ೩೧,೮೪೫ ರೂಪಾಯಿ. ಎಂದರೆ ಏಳು ಪಟ್ಟಿಗಿಂತ ಹೆಚ್ಚು. ಆದರೂ ಅದೇ ಸಮೀಕ್ಷೆಯಲ್ಲಿ ಆಸ್ಪತ್ರೆಗೆ ಸೇರಿದ ನೂರು ಪ್ರಸಂಗಗಳಲ್ಲಿ ಸುಮಾರು ೪೨ ಮಾತ್ರ ಸರ್ಕಾರಿ ಆಸ್ಪತ್ರೆಗಳಲ್ಲಿ, ೫೫ ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಏಳು ಪಟ್ಟು ಹಣ ತೆತ್ತು ಜನ ಅಲ್ಲಿಗೆ ಹೋಗುವುದಕ್ಕೆ ಏನಾದರೂ ಕಾರಣವಿರಬೇಕಷ್ಟೆ. ಅದನ್ನು ಮುಂದೆ ನೋಡೋಣ.

ಮೊದಲು ಸರಾಸರಿಯ ವಿಷಯ. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಐದೈದು ಸಾವಿರ ರೂಪಾಯಿ ಕೊಟ್ಟು, ಹತ್ತನೆಯವನು ಒಂದೂವರೆ ಲಕ್ಷ ಕೊಟ್ಟರೆ ಸರಾಸರಿ ೧೯,೫೦೦ ಆಗುತ್ತದೆ. ಹತ್ತು ಜನರಲ್ಲಿ ಯಾರೊಬ್ಬರೂ ೧೯,೫೦೦ ಕೊಟ್ಟಿಲ್ಲ! ಕುಟುಂಬವನ್ನು ಮುಳುಗಿಸುವುದು ಸರಾಸರಿಯಲ್ಲ, ಆ ಹತ್ತನೆಯ ಮೊತ್ತ. ಆದುದರಿಂದ ಎರಡು ಆಸ್ಪತ್ರೆಗಳ ಸರಾಸರಿಯನ್ನು ನೋಡುವುದರ ಜೊತೆಗೆ ಅತಿ ಹೆಚ್ಚು ಕೊಟ್ಟವರು ಎಷ್ಟು ಕೊಟ್ಟರು ಎಂಬುದನ್ನೂ ನೋಡಬೇಕು.

ಎರಡನೆಯದು, ಬಿಲ್ಲಿನಲ್ಲಿ ಕಾಣದ ಖರ್ಚು. ಮೇಲೆ ಹೇಳಿದ ವೈದ್ಯಕೀಯ ಖರ್ಚಿನಲ್ಲಿ ವೈದ್ಯರ ಶುಲ್ಕ, ಔಷಧಿ, ಪರೀಕ್ಷೆಗಳು, ಹಾಸಿಗೆಯ ಬಾಡಿಗೆ ಮುಂತಾದವು ಸೇರುತ್ತವೆ. ಬಸ್ಸಿನ ಚಾರ್ಜು, ಜೊತೆಗಿರುವವರ ಊಟ ವಸತಿಗಳನ್ನು ಸಮೀಕ್ಷೆ ಬೇರೆಯಾಗಿಯೇ ಬರೆಯುತ್ತದೆ. ರೋಗಿಯನ್ನು ನೋಡಿಕೊಳ್ಳಲು ಮನೆಯ ಇಬ್ಬರು ಹದಿನೈದು ದಿನ ಕೂಲಿ ಬಿಟ್ಟು ಕುಳಿತರೆ ಆ ಕೂಲಿಯ ನಷ್ಟವೂ ಚಿಕಿತ್ಸೆಯ ಖರ್ಚೇ. ದಾದಿಯರು ಸಾಲದ ಆಸ್ಪತ್ರೆಯಲ್ಲಿ ರೋಗಿಯನ್ನು ಹೊರಳಿಸುವುದು, ನೀರು ಕುಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಎಲ್ಲವೂ ಮನೆಯವರ ಪಾಲಿನ ಕೆಲಸ. ಹೀಗೆ ಸಿಬ್ಬಂದಿಯ ಕೊರತೆಯು ಬಡವನ ಕೂಲಿಯಿಂದ ತುಂಬಿಕೊಳ್ಳುತ್ತದೆ. ಯಾವ ಖಾತೆಯಲ್ಲಿಯೂ ಅದು ಕಾಣುವುದಿಲ್ಲ. ಇತ್ತ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿ ಕೊಡುವುದು ಕಡಿಮೆಯಾದರೂ ಉಳಿದುದನ್ನು ಬೊಕ್ಕಸ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ರೋಗಿ ತೆತ್ತ ಬೆಲೆ ಬೇರೆ, ಚಿಕಿತ್ಸೆಗೆ ತಗಲಿದ ವೆಚ್ಚ ಬೇರೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಎಷ್ಟು ಖರ್ಚಾಯಿತು ಎಂಬುದಕ್ಕೆ ಮೊದಲು, ಆ ಖರ್ಚು ಬೇಕಾಗಿತ್ತೆ ಎಂದು ಕೇಳಬೇಕು. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡ ೧೪.೩ ಶಸ್ತ್ರಕ್ರಿಯೆಯ ಮೂಲಕ ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಶೇಕಡ ೪೭.೪. ಕಷ್ಟದ ಹೆರಿಗೆಗಳಲ್ಲಿ ಕೆಲವು ಖಾಸಗಿ ಆಸ್ಪತ್ರೆಗೆ ಹೋಗುತ್ತವೆಂದು ಒಪ್ಪಿದರೂ, ಗಂಭೀರ ಸ್ಥಿತಿಯವರು ಸರ್ಕಾರಿ ಆಸ್ಪತ್ರೆಗೂ ಬರುತ್ತಾರೆ. ಜನಸಮುದಾಯದಲ್ಲಿ ಇಂತಹ ಹೆರಿಗೆಗಳು ಶೇಕಡ ೧೦ನ್ನು ದಾಟಿದ ಮೇಲೆ ತಾಯಿ ಮಕ್ಕಳ ಮರಣ ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿತು. ಒಬ್ಬ ತಾಯಿಗೆ ಶಸ್ತ್ರಕ್ರಿಯೆ ಬೇಕಿತ್ತೇ ಇಲ್ಲವೇ ಎಂಬುದನ್ನು ಇಂತಹ ಅಂಕಿಗಳಿಂದ ತೀರ್ಮಾನಿಸಲಾಗದು. ಆದರೆ ೧೪ ಎಲ್ಲಿ, ೪೭ ಎಲ್ಲಿ ಎಂದು ಕೇಳುವ ಹಕ್ಕು ಸಮಾಜಕ್ಕೆ ಇದೆ.

ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ೨೦೦೭ರ ಕಾಯಿದೆಯು ದರಗಳ ಪಟ್ಟಿಯನ್ನು ಜನರ ತಿಳಿವಿಗೆ ಪ್ರಕಟಿಸಬೇಕೆನ್ನುತ್ತದೆ. ೨೦೧೭ರ ತಿದ್ದುಪಡಿ ರೋಗಿಗಳ ಹಕ್ಕುಗಳನ್ನೂ ಸೇರಿಸಿತು. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಏರ್ಪಾಡಾಯಿತು. ಕಾಯಿದೆ ಇದ್ದರೂ ಕೇಳುವವರಿಲ್ಲದಿದ್ದರೆ ದರಪಟ್ಟಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

೪. ತೃಪ್ತಿ

ಏಳು ಪಟ್ಟು ಕೊಟ್ಟು ಜನ ಖಾಸಗಿ ಆಸ್ಪತ್ರೆಗೆ ಹೋಗುವುದೇಕೆ ಎಂಬ ಪ್ರಶ್ನೆಯನ್ನು ಉಳಿಸಿಕೊಂಡಿದ್ದೆವು. ನನಗೆ ತೋರುವ ಮಟ್ಟಿಗೆ, ಕಾಯಬೇಕಾದ ಹೊತ್ತು, ಶೌಚಾಲಯದ ಸ್ಥಿತಿ, ಮಾತನಾಡಿಸುವ ರೀತಿ, ಇವು ಮುಖ್ಯ ಕಾರಣಗಳು. ರೋಗಿ ಕಣ್ಣಾರೆ ಕಾಣಬಲ್ಲವು ಇವೇ. ಔಷಧಿ ಸರಿಯಾದುದೆ, ಶಸ್ತ್ರಕ್ರಿಯೆ ಅವಶ್ಯವಾಗಿತ್ತೆ ಎಂಬುದನ್ನು ಅವನು ಕಾಣಲಾರ. ಆದುದರಿಂದ ತೃಪ್ತಿಯ ಅಳತೆಯು ಚಿಕಿತ್ಸೆಯ ಒಂದು ಭಾಗವನ್ನು ಅಳೆಯುತ್ತದೆ. ಉಳಿದ ಭಾಗದ ಬಗ್ಗೆ ಮೌನವಾಗಿರುತ್ತದೆ.

ಅಮೆರಿಕದಲ್ಲಿ ೫೧,೯೪೬ ಜನರನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ವೈದ್ಯರ ಬಗ್ಗೆ ಅತಿ ಹೆಚ್ಚು ತೃಪ್ತಿ ಹೇಳಿಕೊಂಡ ಗುಂಪಿನವರು ಅತಿ ಕಡಿಮೆ ತೃಪ್ತರಿಗಿಂತ ಶೇಕಡ ೮.೮ರಷ್ಟು ಹೆಚ್ಚು ಖರ್ಚು ಮಾಡಿದ್ದರು, ಮತ್ತು ಅವರಲ್ಲಿ ಮರಣದ ಸಂಭವ ಶೇಕಡ ೨೬ರಷ್ಟು ಹೆಚ್ಚಾಗಿತ್ತು. ತೃಪ್ತಿಯೇ ಸಾವಿಗೆ ಕಾರಣ ಎಂದು ಇದರ ಅರ್ಥವಲ್ಲ; ರೋಗಿ ಕೇಳಿದುದನ್ನೆಲ್ಲ ಕೊಡುವ ವೈದ್ಯ ಮೆಚ್ಚುಗೆ ಪಡೆಯಬಹುದು, ಅದರಿಂದ ಹಿತವೇ ಆಗುತ್ತದೆಂಬ ಭರವಸೆಯಿಲ್ಲ. ಆದರೆ ಅದೇ ದೇಶದ ಆಸ್ಪತ್ರೆಗಳನ್ನು ಕುರಿತ ೨೦೦೮ರ ಇನ್ನೊಂದು ಅಧ್ಯಯನದಲ್ಲಿ, ರೋಗಿಗಳು ಮೆಚ್ಚಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಗುಣವೂ ಸ್ವಲ್ಪ ಮೇಲಾಗಿತ್ತು. ದಾದಿಯರ ಪ್ರಮಾಣ ಹೆಚ್ಚಿದ್ದ ಕಡೆ ಮೆಚ್ಚುಗೆಯೂ ಹೆಚ್ಚಾಗಿತ್ತು. ಎರಡೂ ನಿಜವಾಗಿರಬಲ್ಲವು. ಎರಡನೆಯ ಅಧ್ಯಯನದ ರೋಗಿಗಳನ್ನು ಕೇಳಿದ್ದು, ಕರೆದಾಗ ದಾದಿ ಬಂದಳೆ, ಔಷಧಿ ಏತಕ್ಕೆಂದು ತಿಳಿಸಿದರೆ, ನೋವನ್ನು ವಿಚಾರಿಸಿದರೆ ಎಂಬಂತಹ, ಕಂಡು ಹೇಳಬಹುದಾದ ಸಂಗತಿಗಳನ್ನು.

ನಮ್ಮ ದೇಶದಲ್ಲಿ ಈ ಅಳತೆಗೆ ಇನ್ನೊಂದು ತೊಡಕು ಇದೆ. ತೃಪ್ತಿಯು ನಿರೀಕ್ಷೆಯನ್ನು ಅವಲಂಬಿಸಿದೆ. ೧೯೪೪ರಲ್ಲಿ, ಬಂಗಾಳದ ಕ್ಷಾಮದ ಮರುವರ್ಷ, ಕಲಕತ್ತೆಯ ಹತ್ತಿರದ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯೊಂದನ್ನು ಅಮರ್ತ್ಯ ಸೇನರು ತಮ್ಮ ಬರಹಗಳಲ್ಲಿ ನೆನೆದಿದ್ದಾರೆ. ಆರೋಗ್ಯ ಸರಿಯಿಲ್ಲವೆಂದು ಹೇಳಿಕೊಂಡವರು ವಿಧುರರಲ್ಲಿ ಶೇಕಡ ೪೮.೫, ವಿಧವೆಯರಲ್ಲಿ ಶೇಕಡ ೨.೫ ಮಾತ್ರ. ವಿಧವೆಯರು ಅಷ್ಟು ಆರೋಗ್ಯವಂತರಾಗಿದ್ದರೆಂದು ಇದರ ಅರ್ಥವೆ? ಕೇಳುವುದನ್ನೇ ಮರೆಸಲ್ಪಟ್ಟವರು ದೂರುವುದೂ ಇಲ್ಲ. ಜೀವಮಾನವೆಲ್ಲ "ಆಮೇಲೆ ಬಾ" ಎನಿಸಿಕೊಂಡ ಬಡ ಮುದುಕಿಯೊಬ್ಬಳಿಗೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಸಿಕ್ಕಿದರೆ, "ದೇವರಂಥ ಜನ, ಚೆನ್ನಾಗಿ ನೋಡಿಕೊಂಡರಪ್ಪ" ಎನ್ನುತ್ತಾಳೆ. ಹೋಟೆಲಿನ ಸುಖಕ್ಕೆ ಒಗ್ಗಿದವರು ಕಾಫಿ ತಣ್ಣಗಿತ್ತೆಂದು ಕಡಿಮೆ ಅಂಕ ಕೊಡುತ್ತಾರೆ. ಈ ಎರಡು ಅಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಆಸ್ಪತ್ರೆಗಳಿಗೆ ಶ್ರೇಣಿ ಕೊಡುವುದು ನ್ಯಾಯವಲ್ಲ.

ಕೇಂದ್ರ ಸರ್ಕಾರವು ೨೦೧೬ರಲ್ಲಿ 'ಮೇರಾ ಅಸ್ಪತಾಲ್' ಎಂಬ ಹೆಸರಿನಲ್ಲಿ ರೋಗಿಗಳ ಅಭಿಪ್ರಾಯವನ್ನು ಫೋನು ಮುಂತಾದ ಸಾಧನಗಳಿಂದ ಪಡೆಯುವ ವ್ಯವಸ್ಥೆ ಮಾಡಿತು. ಬಿಡುಗಡೆಯಾಗುವ ದಿನ ದಾದಿಯ ಎದುರಿಗೇ ಅಭಿಪ್ರಾಯ ಕೇಳುವುದಕ್ಕಿಂತ, ಮನೆಗೆ ಹೋದ ಮೇಲೆ ಕೇಳುವ ಕ್ರಮ ಮೇಲು. ಆದರೂ ಉತ್ತರ ಕೊಡದವರು ಯಾರು, ಬದುಕಿ ಉಳಿಯದವರ ಪರವಾಗಿ ಯಾರನ್ನು ಕೇಳಿದರು ಎಂಬ ಪ್ರಶ್ನೆ ಇದ್ದೇ ಇರುತ್ತದೆ.

೫. ಮೂರನ್ನೂ ಕೂಡಿಸಿ

ಹಾಗಾದರೆ ಈ ಅಳತೆಗಳೆಲ್ಲ ವ್ಯರ್ಥವೆ? ಖಂಡಿತ ಅಲ್ಲ. ಅವೆದಿಸ್ ಡೊನಬೇದಿಯನ್ ಎಂಬ ವಿದ್ವಾಂಸರು ೧೯೬೬ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಚಿಕಿತ್ಸೆಯ ಗುಣವನ್ನು ಮೂರು ಕಡೆಯಿಂದ ನೋಡಬೇಕೆಂದರು: ಇರುವ ಸಾಧನ ಸಾಮಗ್ರಿ ಮತ್ತು ಜನ, ನಡೆಯುವ ಕೆಲಸ, ದೊರೆಯುವ ಫಲ. ಒಂದು ಕಡೆಯಿಂದ ನೋಡಿದಾಗ ಆಗುವ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಸಿಬ್ಬಂದಿ, ಖರ್ಚು, ತೃಪ್ತಿ ಎಂಬ ನಮ್ಮ ಮೂರು ಅಳತೆಗಳಿಗೂ ಈ ಮಾತು ಸಲ್ಲುತ್ತದೆ.

ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆ ಸಂಸ್ಥೆಯ ಕಥೆ ಇದನ್ನು ದುಃಖಕರವಾಗಿ ತೋರಿಸಿಕೊಟ್ಟಿತು. ೨೦೦೬–೦೭ರಲ್ಲಿ ಆ ಸಂಸ್ಥೆ ಒಂದು ಕೋಟಿ ಪೌಂಡು ಉಳಿತಾಯ ಮಾಡಲು ನೂರ ಐವತ್ತಕ್ಕೂ ಹೆಚ್ಚು ಹುದ್ದೆಗಳನ್ನು ಕಡಿಮೆ ಮಾಡಿತು. ಖರ್ಚಿನ ಅಳತೆಯಲ್ಲಿ ಅದು ಮಾದರಿ ಸಂಸ್ಥೆ. ೨೦೦೮ರ ಫೆಬ್ರವರಿಯಲ್ಲಿ ಅದಕ್ಕೆ ಮೇಲಿನ ದರ್ಜೆಯೂ ದೊರೆಯಿತು. ಅಷ್ಟರಲ್ಲಿ ವಾರ್ಡುಗಳಲ್ಲಿ ರೋಗಿಗಳು ಕೊಳಕಾದ ಹಾಸಿಗೆಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಕೈಗೆಟುಕದ ಕಡೆ ಇಟ್ಟ ನೀರನ್ನು ಕುಡಿಸುವವರಿರಲಿಲ್ಲ. ರೋಗಿಗಳ ಮನೆಯವರು ೨೦೦೭ರಿಂದಲೂ ಕೂಗಿ ಹೇಳಿದರು. ಮರಣದ ಅಂ‌ಕಿಗಳೂ ಎಚ್ಚರಿಸಿದವು. ೨೦೦೯ರ ತನಿಖೆಯೂ, ರಾಬರ್ಟ್ ಫ್ರಾನ್ಸಿಸ್ ಅವರ ನೇತೃತ್ವದಲ್ಲಿ ನಡೆದು ೨೦೧೩ರಲ್ಲಿ ೨೯೦ ಶಿಫಾರಸುಗಳೊಡನೆ ಹೊರಬಂದ ಸಾರ್ವಜನಿಕ ವಿಚಾರಣೆಯ ವರದಿಯೂ ಮನೆಯವರ ಮಾತೇ ನಿಜವೆಂದು ಸಾರಿದವು. ಅಲ್ಲಿ ಖರ್ಚು ಇಳಿದುದನ್ನು ಕಂಡವರು ಸಿಬ್ಬಂದಿ ಇಳಿದುದನ್ನು ಅದರ ಪಕ್ಕದಲ್ಲಿಟ್ಟು ನೋಡಲಿಲ್ಲ. ಮನೆಯವರ ದೂರನ್ನು ಅಳತೆಯೆಂದು ಎಣಿಸಲಿಲ್ಲ. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದಿದ್ದರೆ ಎಷ್ಟೋ ಜೀವಗಳ ಸಂಕಟ ಕಡಿಮೆಯಾಗುತ್ತಿತ್ತು.

ನಮ್ಮ ಜಿಲ್ಲಾ ಆಸ್ಪತ್ರೆಗಳ ವಿಷಯದಲ್ಲಿಯೂ ಇಂತಹ ಒಂದು ಹಾಳೆ ಬೇಕಾಗಿದೆ. ಅದರಲ್ಲಿ ಇರಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ರಾತ್ರಿಯ ಸರದಿಯಲ್ಲಿ ವಾರ್ಡಿಗೆ ಎಷ್ಟು ದಾದಿಯರು? ಒಂದೇ ಕಾಯಿಲೆಗೆ, ಉದಾಹರಣೆಗೆ ಅಂಡವಾಯು ಅಥವಾ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೆ, ಔಷಧಿ, ಪ್ರಯಾಣ, ಬಿಟ್ಟ ಕೂಲಿ ಎಲ್ಲ ಸೇರಿ ಎಷ್ಟಾಯಿತು; ಅತಿ ಹೆಚ್ಚು ಕೊಟ್ಟವರು ಎಷ್ಟು ಕೊಟ್ಟರು? ಕರೆದಾಗ ಎಷ್ಟು ಹೊತ್ತಿಗೆ ಬಂದರು, ಔಷಧಿ ತೆಗೆದುಕೊಳ್ಳುವ ಬಗೆ ತಿಳಿಸಿದರೆ? ಮೂವತ್ತು ದಿನಗಳ ಮೇಲೆ ರೋಗಿ ಹೇಗಿದ್ದಾನೆ? ಹುದ್ದೆಗಳ ವಿವರವನ್ನು ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಯಾವ ನಾಗರಿಕನಾದರೂ ಕೇಳಬಹುದು. ಉಳಿದುದನ್ನು ನಮ್ಮ ಅರ್ಥಶಾಸ್ತ್ರ ಸಂಘದವರೂ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರೂ ಕೂಡಿ ಮನೆಮನೆಗೆ ಹೋಗಿ, ಹೆಸರು ಬರೆದುಕೊಳ್ಳದೆ ಕೇಳಿ ತಿಳಿಯಬಹುದು. ಫಲಿತಾಂಶವನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿಟ್ಟರೆ, ದೂರು ಹೇಳುವವರಾಗಿ ಅಲ್ಲದೆ ಲೆಕ್ಕ ಕೊಡುವವರಾಗಿ ನಾವು ಅಲ್ಲಿ ನಿಲ್ಲಬಹುದು. ಇದಕ್ಕೆ ಅಧ್ಯಾಪಕರ ಮಾರ್ಗದರ್ಶನ ದೊರೆಯುವುದೆಂದು ನಂಬಿದ್ದೇನೆ.

ಎಲ್ಲರನ್ನೂ ಒಳಗೆ ಕರೆದುಕೊಳ್ಳುವ ಆಸ್ಪತ್ರೆಗೆ, ಎಲ್ಲರನ್ನೂ ಕರೆದುಕೊಂಡದ್ದಕ್ಕಾಗಿಯೇ ಕೆಟ್ಟ ಹೆಸರು ಬರಬಾರದು. ಹಾಗೆಯೇ "ಬಡವರ ಆಸ್ಪತ್ರೆ ಇಷ್ಟೇ" ಎಂಬ ಮಾತಿನ ಮರೆಯಲ್ಲಿ ಮೂವತ್ತು ರೋಗಿಗಳಿಗೆ ಒಬ್ಬಳೇ ದಾದಿಯನ್ನು ಬಿಟ್ಟು ನಾವು ಸುಮ್ಮನಿರಲೂ ಬಾರದು. ಈ ಎರಡು ಅನ್ಯಾಯಗಳನ್ನೂ ತಡೆಯುವ ದಾರಿ ಒಂದೇ: ಸರಿಯಾಗಿ ಎಣಿಸುವುದು, ಎಣಿಸಿದುದನ್ನು ಎಲ್ಲರ ಎದುರಿಗೆ ಇಡುವುದು.